ಕೆವಿನ್ ಬ್ಯಾರಿ ಹಾಡಿನಲ್ಲಿ ಇರೋದೆಲ್ಲ ನಿಜವಾಗಿ ನಡೆದದ್ದಾ?

ಕೆವಿನ್ ಬ್ಯಾರಿ ಅಂದರೆ ಬ್ರಿಟಿಷರ ವಿರುದ್ಧ ಐರ್ಲೆಂಡ್ ನಡೆಸಿದ ಸ್ವಾತಂತ್ರ್ಯ ಹೋರಾಟದಲ್ಲಿ ನೇಣಿಗೇರಿದ ಹುಡುಗ, ಅವನ ಸಾವಿನ ಮೇಲಿರೋ ಐರಿಷ್ ಹಾಡು ಇದು. ಅದರಲ್ಲಿರೋದು ಬಹುಪಾಲು ನಡೆದದ್ದೇ. ಆದರೆ ಹಾಡು ಒಂದು ಮುಖ್ಯ ಸಂಗತಿಯನ್ನು ಪೂರ್ತಿ ಬಿಟ್ಟಿದೆ, ಇನ್ನೊಂದನ್ನು ಹಿಂದುಮುಂದು ಮಾಡಿದೆ.

ಹಾಡು ಹೇಳೋದು ಡಬ್ಲಿನ್‌ನ ಮೌಂಟ್‌ಜಾಯ್ ಜೈಲು, ಸೋಮವಾರ ಬೆಳಿಗ್ಗೆ, ಹದಿನೆಂಟರ ಹುಡುಗ, ನೇಣು. ಇಷ್ಟೂ ಸರಿ. ಬ್ಯಾರಿ ಹುಟ್ಟಿದ್ದು 1902ರ ಜನವರಿಯಲ್ಲಿ. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಡಿಕಲ್ ಓದುತ್ತಿದ್ದ, ಜೊತೆಗೆ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಎಂಬ ಸಶಸ್ತ್ರ ಪಡೆಯಲ್ಲೂ ಇದ್ದ. ನೇಣಿಗೆ ಹಾಕಿದ್ದು 1920ರ ನವೆಂಬರ್ 1, ಅವತ್ತು ಸೋಮವಾರವೇ.

ಬಿಟ್ಟುಹೋಗಿರೋದು ಅವನು ಸಿಕ್ಕಿಬಿದ್ದ ಕಥೆ. ಡಬ್ಲಿನ್‌ನಲ್ಲಿ ಮಂಕ್ಸ್ ಬೇಕರಿ ಅಂತ ಇತ್ತು, ಅಲ್ಲಿಗೆ ಬ್ರಿಟಿಷ್ ಸೈನಿಕರು ಲಾರಿಯಲ್ಲಿ ಬ್ರೆಡ್ ಒಯ್ಯೋಕೆ ಬರುತ್ತಿದ್ದರು. ಸೆಪ್ಟೆಂಬರ್ 20ರಂದು ಆ ಲಾರಿಯನ್ನು ಸುತ್ತುವರಿದು ಬಂದೂಕು ಕಿತ್ತುಕೊಳ್ಳೋದು ಐಆರ್‌ಎ ಹುಡುಗರ ಯೋಜನೆ. (ಅವತ್ತು ಮಧ್ಯಾಹ್ನ ಬ್ಯಾರಿಗೆ ಪರೀಕ್ಷೆ ಬೇರೆ ಇತ್ತು. ಅಷ್ಟರೊಳಗೆ ಮುಗಿಸಿ ಬರ್ತೀನಿ ಅಂದುಕೊಂಡಿರಬೇಕು.) ಆದರೆ ಗುಂಡು ಹಾರಿತು. ಬ್ಯಾರಿಯ ಪಿಸ್ತೂಲು ಜಾಮ್ ಆಗಿ ಹಾರಲಿಲ್ಲ. ಉಳಿದವರು ಓಡಿದರು, ಇವನು ಲಾರಿ ಅಡಿಯಲ್ಲಿ ಅಡಗಿ ಕೂತು ಅಲ್ಲೇ ಸಿಕ್ಕಿಬಿದ್ದ. ಮೂವರು ಸೈನಿಕರು ಸತ್ತರು, ವಾಷಿಂಗ್ಟನ್, ಹಂಫ್ರೀಸ್, ವೈಟ್‌ಹೆಡ್. ಅವರೂ ಎಳೆ ಹುಡುಗರೇ. ಹಾಡಿನಲ್ಲಿ ಅವರ ಸುದ್ದಿಯೇ ಇಲ್ಲ, ನನಗೆ ಇದು ಸ್ವಲ್ಪ ಕಸಿವಿಸಿ ಅನ್ನಿಸುತ್ತೆ.

ಹಿಂದುಮುಂದಾಗಿರೋದು ಚಿತ್ರಹಿಂಸೆಯ ವಿಷಯ. ನೇಣಿಗೆ ಸ್ವಲ್ಪ ಮುಂಚೆ ಹಿಂಸಿಸಿದರು ಅಂತ ಹಾಡು ಹೇಳುತ್ತದೆ. ಆದರೆ ಬ್ಯಾರಿ ಜೈಲಿನಲ್ಲಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯ ಪ್ರಕಾರ, ಜೊತೆಗಾರರ ಹೆಸರು ಹೇಳು ಅಂತ ಬಯೊನೆಟ್ (ಬಂದೂಕಿನ ತುದಿಯ ಚೂರಿ) ತೋರಿಸಿ ಹೆದರಿಸಿದ್ದು, ಕೈ ತಿರುಚಿದ್ದು, ಎಲ್ಲ ಸಿಕ್ಕಿಬಿದ್ದ ದಿನವೇ. ಹೆಸರು ಮಾತ್ರ ಅವನು ಹೇಳಲಿಲ್ಲ.

ಇನ್ನು ಹಾಡಿನಲ್ಲಿ ಬ್ಯಾರಿ ಹೇಳೋ ಒಂದು ಸಾಲಿದೆ, ನಾಯಿ ಥರ ನೇಣು ಹಾಕಬೇಡಿ, ಸೈನಿಕನ ಥರ ಗುಂಡಿಟ್ಟು ಕೊಲ್ಲಿ ಅನ್ನೋದು. ಅದು ಸುಮ್ನೆ ಕಣ್ಣೀರು ಬರಿಸೋಕೆ ಹಾಕಿದ್ದಲ್ಲ, ಇಡೀ ಜಗಳ ಇದ್ದದ್ದೇ ಅದರ ಮೇಲೆ. ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ ಐರ್ಲೆಂಡ್‌ನಲ್ಲಿ ಯುದ್ಧ ಅಂತ ಏನೂ ನಡೆಯುತ್ತಿರಲಿಲ್ಲ, ಕೊಲೆಗಳು ನಡೆಯುತ್ತಿದ್ದವು, ಅದಕ್ಕೇ ಕೊಲೆಗಾರರಿಗೆ ಕೊಡೋ ನೇಣು. ಗುಂಡಿಟ್ಟರೆ ಅವನನ್ನು ಸೈನಿಕ ಅಂತ ಒಪ್ಪಿಕೊಂಡ ಹಾಗೆ ಅಲ್ವಾ? ಬ್ಯಾರಿಯೂ ಬಿಡಲಿಲ್ಲ, ಈ ಕೋರ್ಟನ್ನೇ ನಾನು ಒಪ್ಪಲ್ಲ ಅಂದ. ಅವನನ್ನು ಜೈಲಿನ ಅಂಗಳದಲ್ಲೇ ಹೂತರು. 2001ರಲ್ಲಷ್ಟೇ ಹೊರತೆಗೆದು ಸರ್ಕಾರಿ ಗೌರವದೊಂದಿಗೆ ಡಬ್ಲಿನ್‌ನ ಗ್ಲಾಸ್ನೆವಿನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಹಾಡು ಅವನು ಸತ್ತ ಕೆಲವೇ ದಿನಗಳಲ್ಲಿ ಹುಟ್ಟಿಕೊಂಡಿತು. ಧಾಟಿ ಹಳೇ ನಾವಿಕರ ಹಾಡಿನದು. ಬರೆದವರ ಹೆಸರಿಲ್ಲದೆಯೇ ಊರೂರು ಸುತ್ತಿತು, ಮುಂದೆ ಅಮೆರಿಕದ ಹೆಸರಾಂತ ಗಾಯಕ ಪಾಲ್ ರೋಬ್ಸನ್ ಕೂಡ ಹಾಡಿದರು.

ನಮ್ಮ ದೇಶಕ್ಕೆ ಸಂಬಂಧಪಟ್ಟದ್ದೂ ಒಂದಿದೆ, ಇದು ಜಾಸ್ತಿ ಜನಕ್ಕೆ ಗೊತ್ತಿರಲ್ಲ. ಬ್ಯಾರಿ ಸತ್ತ ಮರುದಿನವೇ, ನವೆಂಬರ್ 2ರಂದು, ಹಿಮಾಚಲದ ದಗ್‌ಶಾಯಿಯಲ್ಲಿ ಜೇಮ್ಸ್ ಡೇಲಿ ಎಂಬ ಐರಿಷ್ ಹುಡುಗನನ್ನು ಕೊಂದರು. ಅವನಿದ್ದದ್ದು ಬ್ರಿಟಿಷ್ ಸೇನೆಯ ಕನಾಟ್ ರೇಂಜರ್ಸ್ ಎಂಬ ಐರಿಷ್ ಪಡೆಯಲ್ಲಿ. ಊರಲ್ಲಿ ನಮ್ಮವರ ಮೇಲೆ ದೌರ್ಜನ್ಯ ನಡೀತಿರೋವಾಗ ನಾವಿಲ್ಲಿ ಇವರ ಕೆಲಸ ಮಾಡಲ್ಲ ಅಂತ ಆ ಪಡೆಯವರು 1920ರ ಜೂನ್ ಕೊನೆಯಲ್ಲಿ ಜಲಂಧರ್‌ನಲ್ಲಿ ದಂಗೆ ಎದ್ದರು, ಅದು ಹಿಮಾಚಲದ ಸೋಲನ್‌ಗೂ ಹಬ್ಬಿತು, ಅಲ್ಲಿ ಮುಂದೆ ನಿಂತವನು ಡೇಲಿ. ಅವನು ಸೇನೆಯವನೇ ಆದ್ದರಿಂದ ಅವನಿಗೆ ಗುಂಡೇ ಸಿಕ್ಕಿತು. ದಗ್‌ಶಾಯಿ ಜೈಲು ಈಗ ಮ್ಯೂಸಿಯಂ, ಶಿಮ್ಲಾ ಕಡೆ ಹೋದರೆ ನೋಡಬಹುದು.