ಹೊಸ ವಿಂಡೋಸ್ ಹಾಕಿಸಿದರೂ ನಿಲ್ಲದ ಕ್ರ್ಯಾಶ್

ಪ್ರಶ್ನೆ: ಮಲ್ಪೆಯ ಕಡಲತೀರಕ್ಕೆ ಹತ್ತಿರವಿರುವ ನಮ್ಮ ಮನೆಯಲ್ಲಿ ಆರು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದೆ. ಮಳೆಗಾಲ ಹಿಡಿದಂದಿನಿಂದ ಅದು ಕೆಲಸದ ನಡುವೆ ಹಠಾತ್ತನೆ ನಿಂತು ತಾನಾಗಿಯೇ ಮತ್ತೆ ಆರಂಭವಾಗುತ್ತಿದೆ. ಒಮ್ಮೊಮ್ಮೆ ನೀಲಿ ಪರದೆ ಮಿಂಚಿ ಮಾಯವಾಗುತ್ತದೆ. ಅಂಗಡಿಯವರು ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟ ವಾರದಲ್ಲೇ ತೊಂದರೆ ಮರುಕಳಿಸಿತು. ಈಗ ಮದರ್‌ಬೋರ್ಡ್ ಬದಲಿಸಬೇಕೆನ್ನುತ್ತಾರೆ. ಬದಲಿಸಲೇ?
– ಓದುಗರು, ಮಲ್ಪೆ

ಉತ್ತರ: ಸದ್ಯಕ್ಕೆ ಬೇಡ. ವಿಂಡೋಸ್ ಹೊಸದಾದರೂ ತೊಂದರೆ ಉಳಿದಿರುವುದರಿಂದ ದೋಷ ಯಂತ್ರದ ಬಿಡಿಭಾಗಗಳಲ್ಲೇ ಇರುವ ಸಾಧ್ಯತೆ ಹೆಚ್ಚು. ಆದರೆ ಮದರ್‌ಬೋರ್ಡನ್ನು ಸಂಶಯಿಸುವ ಮೊದಲು ಪರೀಕ್ಷಿಸಬೇಕಾದ ಅಗ್ಗದ ಭಾಗಗಳು ಹಲವಿವೆ. ಎಲ್ಲಕ್ಕಿಂತ ಮುಂಚೆ ಮುಖ್ಯ ಕಡತಗಳನ್ನು ಬೇರೆ ಡ್ರೈವಿಗೆ ನಕಲಿಸಿಕೊಳ್ಳಿ.

ನೀಲಿ ಪರದೆ ಮಾಯವಾಗುವುದಕ್ಕೆ ಕಾರಣ, ದೋಷ ಕಂಡೊಡನೆ ಪುನಃ ಆರಂಭವಾಗುವಂತೆ ವಿಂಡೋಸ್ ಮೊದಲೇ ಹೊಂದಿಸಲ್ಪಟ್ಟಿರುವುದು. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ವಿಭಾಗದಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಗುರುತನ್ನು ತೆಗೆದರೆ ಪರದೆ ನಿಲ್ಲುತ್ತದೆ, ಅದರ ಮೇಲಿನ ಸ್ಟಾಪ್ ಕೋಡನ್ನು (ದೋಷದ ಹೆಸರನ್ನು) ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬಹುದು. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಮೊದಲ ಸಂಶಯ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಮೇಲೆ. ವಿಂಡೋಸಿನ ದಿನಚರಿಯಂತಿರುವ ಈವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನೆಲ್-ಪವರ್ 41’ ಎಂಬ ದಾಖಲೆಯನ್ನು ನೋಡಿ ಗಾಬರಿಯಾಗಬೇಕಿಲ್ಲ. ಯಂತ್ರ ಕ್ರಮಬದ್ಧವಾಗಿ ಮುಚ್ಚಿಕೊಳ್ಳದೆ ನಿಂತಿತೆಂದಷ್ಟೇ ಅದು ಹೇಳುತ್ತದೆ, ಏಕೆ ನಿಂತಿತೆಂದು ಹೇಳುವುದಿಲ್ಲ.

ನಿಮ್ಮ ಊರಿನ ಮಟ್ಟಿಗೆ ನಾನು ಮೊದಲು ನೋಡುವುದು ರ‍್ಯಾಮನ್ನೇ. ಕ್ಯಾಬಿನೆಟ್ಟಿನ ಹಿಂಬದಿಯ ಸ್ಕ್ರೂಗಳಿಗೆ ತುಕ್ಕು ಹಿಡಿದಿದ್ದರೆ ಉಪ್ಪುಗಾಳಿ ಒಳಗೂ ಆಡಿದೆಯೆಂದೇ ತಿಳಿಯಬೇಕು. ತೇವವಿರುವ ತಿಂಗಳುಗಳಲ್ಲಿ ರ‍್ಯಾಮ್ ಕೂರುವ ಸ್ಲಾಟಿನ ಲೋಹದ ಮೇಲೆ ಕೂರುವ ತೆಳುಪದರ ಸಂಪರ್ಕವನ್ನು ಆಗೊಮ್ಮೆ ಈಗೊಮ್ಮೆ ಕಡಿಯುತ್ತದೆ. ಪ್ಲಗ್ ಕಿತ್ತು, ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿದ ಬಳಿಕ ರ‍್ಯಾಮ್ ಪಟ್ಟಿಯನ್ನು ಅಂಚು ಹಿಡಿದು ತೆಗೆಯಿರಿ. ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮೆದುವಾದ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿರಿ. ಈ ಕೆಲಸ ಮೇಜಿನ ಮೇಲಾಗಲಿ, ರಬ್ಬರಿನ ಚೂರು ಮದರ್‌ಬೋರ್ಡಿನೊಳಗೆ ಬೀಳಬಾರದು. ಮತ್ತೆ ಕೂರಿಸುವಾಗ ‘ಟಕ್’ ಎಂಬ ಸದ್ದು ಬರುವವರೆಗೆ ಒತ್ತಿರಿ. ಎರಡು ಪಟ್ಟಿಗಳಿದ್ದರೆ ಎರಡೆರಡು ದಿನ ಒಂದೊಂದನ್ನೇ ಹಾಕಿ ನಡೆಸಿ ನೋಡಿ. ವಿಂಡೋಸಿನಲ್ಲೇ ಇರುವ ರ‍್ಯಾಮ್ ಪರೀಕ್ಷಕ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಒಂದೇ ಒಂದು ತಪ್ಪು ತೋರಿಸಿದರೂ ಆ ಪಟ್ಟಿಯನ್ನು ನಂಬಬೇಡಿ.

ನೀಲಿ ಪರದೆ ಇಲ್ಲದೆ ಒಮ್ಮೆಲೇ ಕತ್ತಲಾಗುವ ಸಂದರ್ಭ ಬೇರೆ. ಅದಕ್ಕೆ ಸಾಮಾನ್ಯವಾಗಿ ಬಿಸಿ ಅಥವಾ ವಿದ್ಯುತ್ತು ಕಾರಣ. ಆರು ವರ್ಷದ ಧೂಳನ್ನು ಪ್ರೊಸೆಸರಿನ ಫ್ಯಾನಿನಿಂದ ತೆಗೆಸಿ, ಪ್ರೊಸೆಸರಿನ ಬಿಸಿಯನ್ನು ಹೊರಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ. ಮಳೆಗಾಲದಲ್ಲಿ ಕರೆಂಟು ಕಣ್ಣು ಮಿಟುಕಿಸಿದಾಗಲೇ ಯಂತ್ರ ನಿಲ್ಲುತ್ತಿದ್ದರೆ ಯುಪಿಎಸ್‌ನ ಬ್ಯಾಟರಿ ಸತ್ತಿರಬಹುದು. ಕಂಪ್ಯೂಟರಿನ ಬದಲು 60 ವ್ಯಾಟಿನ ಹಳೆಯ ಮಾದರಿಯ ಬಲ್ಬನ್ನು ಯುಪಿಎಸ್‌ಗೆ ಜೋಡಿಸಿ ಗೋಡೆಯ ಸ್ವಿಚ್ ಆರಿಸಿ ನೋಡಿ. ಬಲ್ಬು ಕೂಡಲೇ ಆರಿದರೆ ಬ್ಯಾಟರಿ ಸತ್ತಿದೆಯೆಂದರ್ಥ. ಎಲ್‌ಇಡಿ ಬಲ್ಬು ಈ ಪರೀಕ್ಷೆಗೆ ಆಗದು, ಅಷ್ಟು ಕಡಿಮೆ ಹೊರೆಯನ್ನು ಸಾಯುತ್ತಿರುವ ಬ್ಯಾಟರಿಯೂ ಹೊತ್ತೀತು.

ಇಷ್ಟಾದರೂ ಸರಿಯಾಗದಿದ್ದರೆ ಅಂಗಡಿಯವರಲ್ಲಿ ಬೇರೊಂದು ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ವಿದ್ಯುತ್ತು ಒದಗಿಸುವ ಪೆಟ್ಟಿಗೆ) ಜೋಡಿಸಿ ಎರಡು ದಿನ ಓಡಿಸಿ ತೋರಿಸುವಂತೆ ಕೇಳಿ. ಆಗಲೂ ನಿಂತರೆ, ಅಥವಾ ಮದರ್‌ಬೋರ್ಡಿನ ಕೆಪ್ಯಾಸಿಟರುಗಳ (ಸಣ್ಣ ಉರುಟು ಡಬ್ಬಿಗಳಂಥ ಭಾಗಗಳ) ತಲೆ ಉಬ್ಬಿರುವುದು ಕಣ್ಣಿಗೇ ಕಂಡರೆ, ಅವರ ಮಾತನ್ನು ಒಪ್ಪಬಹುದು.