ಎಂಟು ವರ್ಷ ಕೈಬಿಟ್ಟ ಸಕ್ಕರೆ ಕಾಯಿಲೆ: ಈಗ ಎಲ್ಲಿಂದ ಶುರು ಮಾಡುವುದು?

ಪ್ರಶ್ನೆ: ನನಗೆ 51 ವರ್ಷ, ತೂಕ 86 ಕಿಲೋ. ತಿಪಟೂರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಒಂಬತ್ತು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದಾಗ ಒಂದು ವರ್ಷ ಮಾತ್ರೆ ನುಂಗಿ, ಯಾವ ತೊಂದರೆಯೂ ಕಾಣಲಿಲ್ಲವೆಂದು ಬಿಟ್ಟುಬಿಟ್ಟೆ. ಎರಡು ತಿಂಗಳ ಹಿಂದೆ ಕಾಲಿನ ಹೆಬ್ಬೆರಳಿಗೆ ಗಾಯವಾಯಿತು. ಗಾಯವಾದದ್ದು ನನಗೆ ತಿಳಿಯಲೇ ಇಲ್ಲ, ಚಾಪೆಯ ಮೇಲೆ ರಕ್ತ ಕಂಡು ಹೆಂಡತಿ ಹೇಳಿದಳು. ಅದು ಒಣಗಲು ಆರು ವಾರ ಬೇಕಾಯಿತು. ಈಗ ಎಚ್‌ಬಿಎ1ಸಿ 11.2 ಬಂದಿದೆ. ಇನ್ಸುಲಿನ್ ಹಾಕಿಸಿಕೊಳ್ಳಿ ಎನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಅನ್ನ ಪೂರ್ತಿ ಬಿಟ್ಟು ಮುದ್ದೆ ಉಣ್ಣುವುದು, ಬೆಳಿಗ್ಗೆ ಹಾಗಲಕಾಯಿ ರಸ ಕುಡಿಯುವುದು, ಬರಿಗಾಲಿನಲ್ಲಿ ಆರು ಕಿಲೋಮೀಟರ್ ನಡೆಯುವುದು ಎಂದು ನಿಶ್ಚಯಿಸಿದ್ದೇನೆ. ಅಂಗಡಿಯಲ್ಲಿ ಕುಡಿಯುವ ಆರು ಲೋಟ ಟೀಗೆ ಸಕ್ಕರೆಯ ಬದಲು ಬೆಲ್ಲ ಹಾಕಿಸುತ್ತಿದ್ದೇನೆ. ಒಂದು ತಿಂಗಳಲ್ಲಿ ಸರಿಹೋಗಬಹುದೇ? ತಪ್ಪೆಲ್ಲ ನನ್ನದೇ, ಡಾಕ್ಟರ ಮುಖ ನೋಡಲು ನಾಚಿಕೆಯಾಗುತ್ತದೆ.

ಉತ್ತರ: ನಿಮ್ಮ ಕೊನೆಯ ವಾಕ್ಯಕ್ಕೆ ಮೊದಲು ಉತ್ತರ ಕೊಡುತ್ತೇನೆ. ಈ ಕಾಯಿಲೆ ವರ್ಷಗಟ್ಟಲೆ ನೋವಿಲ್ಲದೆ ಇರುತ್ತದೆ. ಹಲ್ಲುನೋವಿನಂತೆ ರಾತ್ರಿ ಎಬ್ಬಿಸುವ ಕಾಯಿಲೆಯಾಗಿದ್ದರೆ ಯಾರೂ ಅದನ್ನು ಎಂಟು ವರ್ಷ ಮರೆಯುತ್ತಿರಲಿಲ್ಲ. ಮಾತ್ರೆ ಬಿಟ್ಟವರನ್ನು ನನ್ನ ಕೋಣೆಯಲ್ಲಿ ಪ್ರತಿದಿನ ನೋಡುತ್ತೇನೆ. ಬಹಳ ಮಂದಿ ಬೈಸಿಕೊಳ್ಳುವ ಭಯದಿಂದಲೇ ಇನ್ನೂ ಒಂದೆರಡು ವರ್ಷ ತಡಮಾಡಿ ಬಂದಿರುತ್ತಾರೆ, ಮತ್ತು ಆ ಕೊನೆಯ ಒಂದೆರಡು ವರ್ಷಗಳಲ್ಲಿಯೂ ಹಾನಿ ಮುಂದುವರಿದಿರುತ್ತದೆ. ಆದ್ದರಿಂದ ಈ ವಾರವೇ ಹೋಗಿ. ಬೈಯುವ ವೈದ್ಯರು ಸಿಕ್ಕರೆ ಬೇರೆಯವರನ್ನು ಹುಡುಕಿಕೊಳ್ಳುವ ಹಕ್ಕು ನಿಮಗಿದೆ.

ಎಚ್‌ಬಿಎ1ಸಿ 11.2 ಎಂದರೆ ಕಳೆದ ಸುಮಾರು ಮೂರು ತಿಂಗಳಲ್ಲಿ ನಿಮ್ಮ ರಕ್ತದ ಸಕ್ಕರೆ ಸರಾಸರಿ 275ರ ಆಸುಪಾಸಿನಲ್ಲಿತ್ತು ಎಂದರ್ಥ. ನಿಮ್ಮ ವಯಸ್ಸಿನವರಿಗೆ ನಾವು ಸಾಮಾನ್ಯವಾಗಿ ಗುರಿಯಾಗಿ ಹೇಳುವ 7ಕ್ಕೆ ಇಳಿದರೆ ಆ ಸರಾಸರಿ 154ರಷ್ಟಾಗುತ್ತದೆ. ಈ ಇಳಿತವನ್ನು ಒಂದು ತಿಂಗಳಲ್ಲಿ ಸಾಧಿಸಬೇಕೆಂಬ ನಿಮ್ಮ ಆತುರ ನನ್ನನ್ನು ಚಿಂತೆಗೀಡುಮಾಡಿದೆ. ಬಹುಕಾಲ ಏರಿದ್ದ ಸಕ್ಕರೆ ಥಟ್ಟನೆ ಇಳಿದಾಗ, ಕಣ್ಣಿನ ಅಕ್ಷಿಪಟಲದಲ್ಲಿ ಮೊದಲೇ ಹಾನಿಯಾಗಿದ್ದರೆ, ಅದು ಕೆಲವರಲ್ಲಿ ತಾತ್ಕಾಲಿಕವಾಗಿ ಹೆಚ್ಚಾಗಬಹುದು; ಪಾದಗಳಲ್ಲಿ ಉರಿನೋವು ಹೊಸದಾಗಿ ಶುರುವಾಗುವುದೂ ಉಂಟು. ಹಾಗೆಂದು ಸಕ್ಕರೆಯನ್ನು ಏರಿದಲ್ಲಿಯೇ ಬಿಡಬಾರದು. ಚಿಕಿತ್ಸೆಯನ್ನು ಇಂದೇ ಆರಂಭಿಸಿ, ಜೊತೆಜೊತೆಗೇ ಕಣ್ಣಿನ ವೈದ್ಯರ ಬಳಿ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಅಕ್ಷಿಪಟಲ ತೋರಿಸಿ, ಮೂರರಿಂದ ಆರು ತಿಂಗಳಲ್ಲಿ ಹಂತಹಂತವಾಗಿ ಇಳಿಸುವ ಯೋಜನೆ ಹಾಕಿಕೊಳ್ಳಬೇಕು. ಕನ್ನಡಕದ ಅಂಗಡಿಯ ಪರೀಕ್ಷೆ ಇದಕ್ಕೆ ಸಾಲದು.

ಕಣ್ಣಿನದೇ ಇನ್ನೊಂದು ಮಾತನ್ನು ಮೊದಲೇ ತಿಳಿಸಬೇಕು. ಸಕ್ಕರೆ ಇಳಿಯತೊಡಗಿದ ಮೊದಲ ವಾರಗಳಲ್ಲಿ ದೃಷ್ಟಿ ಮಂಜಾಗಬಹುದು, ಏಕೆಂದರೆ ಕಣ್ಣಿನ ಮಸೂರದಲ್ಲಿ ಸೇರಿಕೊಂಡಿದ್ದ ನೀರಿನ ಪ್ರಮಾಣ ಬದಲಾಗುತ್ತಿರುತ್ತದೆ. ಆಗ ಹೊಸ ಕನ್ನಡಕ ಮಾಡಿಸಿದರೆ ಹಣ ವ್ಯರ್ಥ. ಒಂದೆರಡು ತಿಂಗಳು ಕಾಯಿರಿ. ಹಾಗೆಯೇ 275ಕ್ಕೆ ಒಗ್ಗಿಹೋದ ದೇಹಕ್ಕೆ 120 ಬಂದಾಗಲೂ ಕೈನಡುಕ, ಬೆವರು, ಎದೆಬಡಿತ ಕಾಣಿಸಬಹುದು. ‘ಮಾತ್ರೆಯಿಂದ ಸುಸ್ತಾಯಿತು’ ಎಂದು ಬಹಳ ಜನ ಮತ್ತೆ ಬಿಟ್ಟುಬಿಡುವುದು ಈ ಘಟ್ಟದಲ್ಲಿಯೇ. ನೀವೂ ಎಂಟು ವರ್ಷಗಳ ಹಿಂದೆ ಹೀಗೆಯೇ ಬಿಟ್ಟಿರಬಹುದೇ ಎಂದು ನನಗೆ ಅನುಮಾನ. ಮನೆಯಲ್ಲಿ ಗ್ಲುಕೋಮೀಟರ್ ಇಟ್ಟುಕೊಳ್ಳಿ. ನಡುಕ ಬಂದಾಗ ನೋಡಿ: 70ಕ್ಕಿಂತ ಕೆಳಗಿದ್ದರೆ ಅದು ನಿಜವಾದ ಇಳಿತ, ಕೂಡಲೇ ಸಕ್ಕರೆ ತಿನ್ನಬೇಕು, 120 ಇದ್ದರೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ, ಎರಡು ಮೂರು ವಾರಗಳಲ್ಲಿ ದೇಹ ಹೊಂದಿಕೊಳ್ಳುತ್ತದೆ.

ಇನ್ಸುಲಿನ್ ವಿಷಯ. ‘ಒಮ್ಮೆ ಚುಚ್ಚಿಸಿಕೊಂಡರೆ ಸಾಯುವ ತನಕ ಬಿಡುವುದಿಲ್ಲ’ ಎಂಬ ಮಾತನ್ನು ನಮ್ಮ ಊರುಗಳಲ್ಲಿ ಎಲ್ಲರೂ ಕೇಳಿದ್ದಾರೆ. ಸಕ್ಕರೆ ಬಹಳ ಏರಿರುವಾಗ ಆ ಏರಿಕೆಯೇ ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕುಗ್ಗಿಸಿಬಿಡುತ್ತದೆ. ಕೆಲವು ವಾರ ಅಥವಾ ತಿಂಗಳು ಹೊರಗಿನಿಂದ ಇನ್ಸುಲಿನ್ ಕೊಟ್ಟಾಗ ಆ ಕೋಶಗಳಿಗೆ ವಿಶ್ರಾಂತಿ ಸಿಕ್ಕಿ, ಅನೇಕರಲ್ಲಿ ಮುಂದೆ ಮಾತ್ರೆಗಳಷ್ಟೇ ಸಾಕಾಗುತ್ತವೆ. ಕೆಲವರಿಗೆ ಇನ್ಸುಲಿನ್ ಮುಂದುವರಿಸಬೇಕಾಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ನಿಮ್ಮ ವೈದ್ಯರು ಹೇಳಿದ್ದು ಸರಿಯಾಗಿಯೇ ಇದೆ. ಅದರಲ್ಲಿಯೂ ನೀವು ಬರೆಯದ ಲಕ್ಷಣಗಳು, ಅಂದರೆ ತಾನೇ ತಾನಾಗಿ ತೂಕ ಇಳಿಯುವುದು, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ಅತಿ ಬಾಯಾರಿಕೆ ಇದ್ದರೆ ತಡಮಾಡಬೇಡಿ. ವಾಂತಿ, ಮಂಪರು, ಜೋರಾದ ಉಸಿರಾಟ ಬಂದರೆ ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ.

ಬರಿಗಾಲಿನ ನಡಿಗೆಯನ್ನು ದಯವಿಟ್ಟು ಕೈಬಿಡಿ. ಗಾಯವಾದದ್ದು ನಿಮಗೆ ತಿಳಿಯಲಿಲ್ಲ ಎಂಬ ಒಂದೇ ಸಾಲು, ನಿಮ್ಮ ಪತ್ರದ ಎಲ್ಲ ಅಂಕಿಗಳಿಗಿಂತ ನನ್ನನ್ನು ಹೆಚ್ಚು ಕಾಡಿತು. ಪಾದದ ನರಗಳ ಸ್ಪರ್ಶಜ್ಞಾನ ಹೋಗಿರುವವರಿಗೆ ಮುಳ್ಳು, ಬಿಸಿಲಿಗೆ ಕಾದ ದೇವಸ್ಥಾನದ ಹಾಸುಗಲ್ಲು, ಕಾಲಿಗೆ ಸುರಿದುಕೊಳ್ಳುವ ಬಿಸಿನೀರು, ಎಲ್ಲವೂ ಅಪಾಯವೇ. ವೈದ್ಯರು ತೆಳುವಾದ ನೈಲಾನ್ ಎಳೆಯಿಂದ ಪಾದ ಮುಟ್ಟಿ ಸ್ಪರ್ಶ ಪರೀಕ್ಷಿಸಲಿ, ಕಾಲಿನ ನಾಡಿಯನ್ನೂ ನೋಡಲಿ. ಮೆತ್ತನೆಯ ರಬ್ಬರ್ ಅಟ್ಟೆಯ ಎಂಸಿಆರ್ ಚಪ್ಪಲಿ ಕೊಳ್ಳಿ, ಮನೆಯೊಳಗೂ ಹಾಕಿಕೊಳ್ಳಿ. ರಾತ್ರಿ ಮಲಗುವ ಮುನ್ನ ಅಂಗಾಲು ಮತ್ತು ಬೆರಳುಗಳ ಸಂದನ್ನು ನಿಮ್ಮ ಹೆಂಡತಿ ಒಮ್ಮೆ ದೀಪದ ಬೆಳಕಿನಲ್ಲಿ ನೋಡಲಿ. ಆ ದಿನ ರಕ್ತ ಕಂಡವರು ಅವರೇ ಅಲ್ಲವೇ. ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್, ಜೊತೆಗೆ ಕೊಲೆಸ್ಟ್ರಾಲ್, ರಕ್ತದೊತ್ತಡ ಇವುಗಳ ಪರೀಕ್ಷೆಯೂ ಬೇಕು. ಮಾತ್ರೆಯ ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಜನೌಷಧಿ ಅಂಗಡಿಗಳಲ್ಲಿಯೂ ಸಕ್ಕರೆ ಇಳಿಸುವ ಮಾತ್ರೆಯಾದ ಮೆಟ್‌ಫಾರ್ಮಿನ್ ಅಗ್ಗಕ್ಕೆ ಸಿಗುತ್ತದೆ.

ಊಟಕ್ಕೆ ಬಂದರೆ, ಅನ್ನ ಶತ್ರುವಲ್ಲ, ಮುದ್ದೆ ಔಷಧವೂ ಅಲ್ಲ. ರಾಗಿಯಲ್ಲಿ ನಾರು, ಸುಣ್ಣದಂಶ ಚೆನ್ನಾಗಿವೆ, ಆದರೆ ಅದರ ತೂಕದಲ್ಲಿ ಶೇಕಡ 70ರಷ್ಟು ಶರ್ಕರಪಿಷ್ಟವೇ. ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರದೆ ಬಿಡುವುದಿಲ್ಲ, ರಾಗಿ ಗಂಜಿಯಂತೂ ಇನ್ನೂ ಬೇಗ ಏರಿಸುತ್ತದೆ. ಒಂದು ಸಣ್ಣ ಮುದ್ದೆ, ಅದರ ಜೊತೆ ಹುರುಳಿಯ ಬಸ್ಸಾರು, ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿಯ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ ಅಥವಾ ಮೀನು: ಇಷ್ಟೇ ಸಾಕು. ನಿಮ್ಮ ಆರು ಲೋಟ ಟೀಗೆ ಎರಡೆರಡು ಚಮಚದಂತೆ ಬೆಲ್ಲ ಬಿದ್ದರೆ ದಿನಕ್ಕೆ 12 ಚಮಚವಾಯಿತು. ಬೆಲ್ಲವೂ ದೇಹದೊಳಗೆ ಸಕ್ಕರೆಯೇ. ಹಾಗಲಕಾಯಿಯನ್ನು ಪಲ್ಯ ಮಾಡಿ ಧಾರಾಳವಾಗಿ ತಿನ್ನಿ, ಮಾತ್ರೆಯ ಬದಲು ಅದರ ರಸ ಕುಡಿಯಬೇಡಿ. ಪ್ರತಿ ಊಟದ ನಂತರ 15 ನಿಮಿಷ, ಚಪ್ಪಲಿ ಹಾಕಿಕೊಂಡು, ಅಂಗಡಿಯ ಮುಂದಿನ ರಸ್ತೆಯಲ್ಲಿ ನಡೆದರೂ ಆ ಊಟದ ಸಕ್ಕರೆಯ ಏರಿಕೆ ತಗ್ಗುತ್ತದೆ.

ಕಾಯಿಲೆ ಪೂರ್ತಿ ಹಿಂದಕ್ಕೆ ಹೋಗುವುದೇ ಎಂದು ಒಳಗೊಳಗೆ ನೀವು ಕೇಳುತ್ತಿರುವಿರಿ ಎಂದು ತಿಳಿಯುತ್ತೇನೆ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಡೈರೆಕ್ಟ್’ ಅಧ್ಯಯನದಲ್ಲಿ, ವೈದ್ಯರ ನಿಗಾದಲ್ಲಿ ಕಟ್ಟುನಿಟ್ಟಾಗಿ ತೂಕ ಇಳಿಸಿದವರ ಗುಂಪಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಅವರೆಲ್ಲ ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ನಿಮಗೆ ಆ ಅವಕಾಶ ಕಡಿಮೆ, ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹಲವು ವರ್ಷ ಗಮನಿಸಿದ ‘ಯುಕೆಪಿಡಿಎಸ್’ ಅಧ್ಯಯನದಲ್ಲಿ, ಎಚ್‌ಬಿಎ1ಸಿ ಒಂದು ಅಂಶ ಕಡಿಮೆ ಇದ್ದವರಲ್ಲಿ ಕಣ್ಣು, ಮೂತ್ರಪಿಂಡದಂತಹ ಸಣ್ಣ ರಕ್ತನಾಳಗಳ ತೊಂದರೆ ಶೇಕಡ 37ರಷ್ಟು ಕಡಿಮೆ ಕಂಡಿತ್ತು. ನೀವು 11.2ರಿಂದ 8ಕ್ಕೆ ಬಂದರೂ ಮೂರು ಅಂಶ ಇಳಿದಂತಾಯಿತು. ಆರೇಳು ಕಿಲೋ ತೂಕ ಇಳಿಸುವುದನ್ನು ಮೊದಲ ಆರು ತಿಂಗಳ ಗುರಿ ಮಾಡಿಕೊಳ್ಳಿ.

ಪ್ರಶ್ನೆ: ಧಾರವಾಡದಲ್ಲಿರುವ ನನ್ನ ತಾಯಿಗೆ 72 ವರ್ಷ. ಸಕ್ಕರೆ ಕಾಯಿಲೆಯಿದ್ದೂ ಹತ್ತು ವರ್ಷ ಔಷಧಿ ಮುಟ್ಟದವರು, ಈಗ ಮನಸ್ಸು ಬದಲಿಸಿ ಗ್ಲಿಮೆಪಿರೈಡ್ ಮಾತ್ರೆ ಶುರು ಮಾಡಿದ್ದಾರೆ, ಜೊತೆಗೆ ರಾತ್ರಿ ಊಟವನ್ನೂ ಬಿಟ್ಟಿದ್ದಾರೆ. ಎರಡು ಸಲ ನಸುಕಿನಲ್ಲಿ ಮೈಯೆಲ್ಲ ಬೆವೆತು, ಏನೇನೋ ಮಾತಾಡಿದರು. ಭಯವಾಗಿದೆ.

ಉತ್ತರ: ಭಯ ಸಕಾರಣವಾದುದು. ಗ್ಲಿಮೆಪಿರೈಡ್, ನಾವು ಉಂಡರೂ ಉಣ್ಣದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ; ಊಟ ಬಿಟ್ಟರೆ ಸಕ್ಕರೆ ಕುಸಿಯುತ್ತದೆ, ನಿಮ್ಮ ತಾಯಿಗೆ ಆದದ್ದೂ ಇದೇ ಇರಬೇಕು. ಆದ್ದರಿಂದ ಅದನ್ನು ನುಂಗುವವರು ಏಕಾದಶಿಯ ಉಪವಾಸವನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ರಾತ್ರಿಯ ಊಟ ಇಂದೇ ಮತ್ತೆ ಶುರುವಾಗಲಿ, ಮುಂದಿನ ಮಾತ್ರೆಗೆ ಮುನ್ನ ವೈದ್ಯರೊಂದಿಗೆ ಮಾತನಾಡಿ. ಪ್ರಮಾಣ ಇಳಿಸಬೇಕಾಗಬಹುದು ಅಥವಾ ಬೇರೆ ಮಾತ್ರೆ ಬೇಕಾಗಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಇಂತಹ ಮಾತ್ರೆಗಳಿಂದ ಸಕ್ಕರೆ ಕುಸಿಯುವ ಅಪಾಯ ಹೆಚ್ಚು, ಅದನ್ನೂ ಪರೀಕ್ಷಿಸಲಿ. ಈ ವಯಸ್ಸಿನಲ್ಲಿ, ಹೀಗೆ ಕುಸಿಯುವವರಿಗೆ 7ರ ಹಠ ಬೇಡ, ಎಚ್‌ಬಿಎ1ಸಿ 8ರ ಸುತ್ತ ಇದ್ದರೆ ಸಾಕು. ಮತ್ತೆ ಹಾಗಾದರೆ, ಎಚ್ಚರವಿದ್ದಾಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, 70 ದಾಟಿದ ಮೇಲೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ಸಕ್ಕರೆ ಡಬ್ಬಿ, ಚಮಚ, ನೀರು, ಗ್ಲುಕೋಮೀಟರ್ ಇವು ಇಂದು ರಾತ್ರಿಯಿಂದಲೇ ಅವರ ಹಾಸಿಗೆಯ ಪಕ್ಕದಲ್ಲಿರಲಿ.