ಹಳದಿ ಕಂಡೊಡನೆ ತಿರುಗಿಸುವ ಪೈಲಟ್

ಮಾನ್ಯರೇ,

ಕಾಕ್‌ಪಿಟ್‌ನ ಟ್ರಾಫಿಕ್ ಪರದೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವಂತೆ ಪ್ರಕಟಿಸಲಾಗದು. ನಿಮ್ಮ ಪೈಲಟ್ ಪರದೆಯಲ್ಲಿ ಹಳದಿ ಗುರುತು ಕಂಡೊಡನೆ ವಿಮಾನವನ್ನು ಎಡಕ್ಕೆ ಹೊರಳಿಸಿ ಪಾರಾಗುತ್ತಾನೆ. ಬಲ್ಲ ಓದುಗ ಅಲ್ಲೇ ಓದು ನಿಲ್ಲಿಸುತ್ತಾನೆ.

ಆ ಪರದೆಯ ಹಿಂದಿರುವ ಟಿಕಾಸ್, ಅಂದರೆ ವಿಮಾನಗಳು ಡಿಕ್ಕಿಯಾಗದಂತೆ ಎಚ್ಚರಿಸುವ ಉಪಕರಣ, ಎದುರು ವಿಮಾನದ ಟ್ರಾನ್ಸ್‌ಪಾಂಡರನ್ನು (ಕೇಳಿದೊಡನೆ ತಾನಾಗಿ ಉತ್ತರಿಸುವ ರೇಡಿಯೊ) ಕೇಳುತ್ತದೆ. ಉತ್ತರ ಬರಲು ಹಿಡಿದ ಹೊತ್ತಿನಿಂದ ದೂರ ಸಿಗುತ್ತದೆ, ಎತ್ತರ ಉತ್ತರದೊಳಗೇ ಇರುತ್ತದೆ. ದಿಕ್ಕು ಮಾತ್ರ ಆಂಟೆನಾದ ಅಂದಾಜು, ಹಲವು ಡಿಗ್ರಿ ತಪ್ಪಬಹುದು. ಸಾಲದ್ದಕ್ಕೆ ಪರದೆಯ ನಡುವೆ ಇರುವುದು ನಮ್ಮದೇ ವಿಮಾನ; ನಾವು ತಿರುಗಿದರೆ ನೆಟ್ಟಗೆ ಹೋಗುವವನೂ ಓರೆಯಾಗಿ ಜಾರಿದಂತೆ ಕಾಣುತ್ತಾನೆ. ಅದನ್ನು ನೋಡಿ ಪಕ್ಕಕ್ಕೆ ತಿರುಗಿಸುವುದು ಅವನ ದಾರಿಗೇ ಹೋಗಿ ಬಿದ್ದಂತಾದೀತು. ಟಿಕಾಸ್ ಏರು ಅಥವಾ ಇಳಿ ಎನ್ನುವುದು, ಎಡ-ಬಲ ಹೇಳದಿರುವುದು ಇದಕ್ಕೇ.

ಹಳದಿ ದುಂಡು ಗುರುತು ಬರೀ ಎಚ್ಚರಿಕೆ: ಹೊರಗೆ ಹುಡುಕು, ಸಿದ್ಧವಾಗಿರು. ಕೆಂಪು ಚೌಕ ಬಂದು ‘ಕ್ಲೈಂಬ್, ಕ್ಲೈಂಬ್’ ಎಂದಾಗಲೇ ಕೆಲಸ. ಪೈಲಟ್ 5 ಸೆಕೆಂಡಿನೊಳಗೆ, ಸಾಮಾನ್ಯವಾಗಿ ಆಟೊಪೈಲಟ್ ಬಿಡಿಸಿ, ಏರಿಳಿತದ ವೇಗ ತೋರಿಸುವ ಮಾಪಕದ ಹಸಿರು ಪಟ್ಟಿಯಷ್ಟೇ ಏರಬೇಕು. ಹೆಚ್ಚಾಗಿ ಅದು ನಿಮಿಷಕ್ಕೆ 1,500 ಅಡಿ. ಸಲಹೆ ಬದಲಾಗಿ ‘ಇಳಿ’ ಎಂದರೆ ಅವನಿಗೆ ಸಿಗುವುದು ಎರಡೂವರೆ ಸೆಕೆಂಡು. ಅತಿಯಾಗಿ ಏರಿದರೆ ಮೇಲಿನ ಹಂತದ ಇನ್ನೊಬ್ಬನಿಗೆ ತೊಂದರೆ. ನೆಲದಲ್ಲಿರುವ ವಿಮಾನ ಸಂಚಾರ ನಿಯಂತ್ರಕನಿಗೆ ‘ಟಿಕಾಸ್ ಆರ್‌ಎ’ (ಟಿಕಾಸ್ ಏರು-ಇಳಿ ಸಲಹೆ ಕೊಟ್ಟಿದೆ) ಎಂದರಾಯಿತು, ಅವನ ಒಪ್ಪಿಗೆಗೆ ಕಾಯುವಂತಿಲ್ಲ.

ನಿಮ್ಮ ಕೊನೆಯ ಪುಟದಲ್ಲಿ ನಿಯಂತ್ರಕನ ಮಾತೇ ಅಂತಿಮ. ಅದು ತಪ್ಪು. 2002ರ ಜುಲೈ 1ರಂದು ಜರ್ಮನಿಯ ಯೂಬರ್‌ಲಿಂಗನ್ ಬಳಿ ಟುಪೊಲೆವ್ ವಿಮಾನಕ್ಕೆ ಟಿಕಾಸ್ ಏರು ಎಂದಿತ್ತು, ನಿಯಂತ್ರಕ ಇಳಿ ಎಂದಿದ್ದ. ಟುಪೊಲೆವ್‌ನವರು ಇಳಿದರು, ಎದುರಿನ ಬೋಯಿಂಗ್‌ಗೆ ಅದರ ಟಿಕಾಸ್ ಹೇಳಿದ್ದೂ ಇಳಿ ಎಂದೇ. ಎರಡೂ ಡಿಕ್ಕಿಯಾಗಿ 71 ಮಂದಿ ಸತ್ತರು.

ಚಿಕ್ಕ ತಪ್ಪುಗಳೂ ಇವೆ. ಪರದೆಯ ‘+05’ ಎಂದರೆ ನಮಗಿಂತ ಐದು ಸಾವಿರ ಅಡಿ ಮೇಲೆ ಎಂದಲ್ಲ, 500 ಅಡಿ ಮೇಲೆ ಎಂದು. ಪಕ್ಕದ ಬಾಣವೆಂದರೆ ನಿಮಿಷಕ್ಕೆ 500 ಅಡಿಗೂ ಮೀರಿ ಏರುತ್ತಿದ್ದಾನೆ ಅಥವಾ ಇಳಿಯುತ್ತಿದ್ದಾನೆ ಎಂದು. ಟ್ರಾನ್ಸ್‌ಪಾಂಡರ್ ಇಲ್ಲದವನು, ಅದನ್ನು ಆಫ್ ಮಾಡಿಕೊಂಡವನು ಪರದೆಯಲ್ಲಿ ಬರುವುದೇ ಇಲ್ಲ. ‘ಎಲ್ಲರೂ ಕಾಣುತ್ತಾರೆ’ ಎಂಬ ಸಾಲು ತೆಗೆಯಿರಿ.

ಪೈಲಟ್ ತಾನೇ ಅಂತರ ಅಳೆಯುವ ಸಂದರ್ಭ ಬೇಕಿದ್ದರೆ ಸಾಗರದ ಮೇಲಿನ ಇನ್-ಟ್ರೇಲ್ (ಒಂದರ ಹಿಂದೊಂದು ಸಾಗುವಾಗಿನ) ಪದ್ಧತಿ ಹಿಡಿಯಿರಿ. ಮುಂದಿನ ವಿಮಾನ ಕನಿಷ್ಠ 15 ನಾಟಿಕಲ್ ಮೈಲಿ ದೂರವಿದ್ದು, ಹತ್ತಿರವಾಗುವ ವೇಗ 20 ನಾಟ್ (ಗಂಟೆಗೆ 20 ನಾಟಿಕಲ್ ಮೈಲಿ) ಮೀರದಿದ್ದರೆ ಪರದೆಯ ಲೆಕ್ಕ ಕೊಟ್ಟು ಎತ್ತರ ಬದಲಿಸಲು ಕೇಳಬಹುದು. ಆದರೆ ಅಲ್ಲಿ ಅನುಮತಿ ಕೊಡುವವನು ನಿಯಂತ್ರಕನೇ.

ಸೂರ್ಯಾಸ್ತದ ಮೊದಲ ಪುಟ ಬಿಡಿ, ಆ ಐದು ಸೆಕೆಂಡುಗಳಿಂದ ಶುರು ಮಾಡಿ ಮತ್ತೆ ಕಳಿಸಿ.

ಸಂಪಾದಕ